ಸರಾಸರಿ ದರ ತೆಗೆಯುವುದು ಹೇಗೆ? ಮೊದಲು ರಾಶಿ, ಆಮೇಲೆ ಭಾಗಾಕಾರ



ಈ ಪಾಠವನ್ನು ಓದಲು ಕೂಡ್ರುವಾಗ ಒಂದು ಪೆನ್ಸಿಲು, ಒಂದು ಹಾಳೆ, ಸಾಧ್ಯವಾದರೆ ತಮ್ಮ ಕಳೆದ ಹಂಗಾಮಿನ ಕಬ್ಬಿನ ಬಿಲ್ಲು ಇವುಗಳನ್ನು ಹತ್ತಿರ ಇಟ್ಟುಕೊಳ್ಳಿರಿ. ಇದರಲ್ಲಿ ಬರುವ ಲೆಕ್ಕವೆಲ್ಲ ಕೂಡಿಸುವುದು, ಗುಣಿಸುವುದು, ಭಾಗಿಸುವುದು, ಇಷ್ಟೇ. ನಾಲ್ಕನೆಯ ಇಯತ್ತೆಯ ಹುಡುಗನೂ ಮಾಡಬಲ್ಲ. ಆದರೂ ಈ ಲೆಕ್ಕದಲ್ಲಿ ಕಲಿತವರು ಕೂಡ ಎಡವುತ್ತಾರೆ. ಕಾರಣ, ತಪ್ಪು ಭಾಗಾಕಾರದಲ್ಲಿ ಆಗುವುದಿಲ್ಲ. ಭಾಗಾಕಾರಕ್ಕಿಂತ ಮೊದಲೇ ಆಗಿರುತ್ತದೆ.

ಮಿರಜ ತಾಲೂಕಿನ ಪೂರ್ವ ಭಾಗದ ಒಂದು ಹಳ್ಳಿಯಲ್ಲಿ ಸಭಾಸದರ ಬೈಠಕ್ಕು ನಡೆದಿತ್ತು. ಕಟಾವು, ಗೊಬ್ಬರ, ನೀರು ಎಲ್ಲದರ ಮಾತು ಮುಗಿದ ಮೇಲೆ ಹಿಂದೆ ಕುಳಿತಿದ್ದ ಹಿರಿಯರೊಬ್ಬರು ಎದ್ದು ನಿಂತು ಕೇಳಿದರು: “ಏನ್ರೀ ಸಾಹೇಬ್ರ, ಕಾರಖಾನೀ ಸರಾಸರಿ ಒಂದು ಹೇಳ್ತದ, ನಮ್ಮ ಊರಿನ ಸರಾಸರಿ ಒಂದು ಹೇಳ್ತದ, ನನ್ನ ಬಿಲ್ಲು ಮತ್ತೊಂದು ಹೇಳ್ತದ. ಈ ಮೂರರಾಗ ಖರೇ ಯಾವುದರೀ?” ಅಲ್ಲಿ ಕೂಡಿದವರೆಲ್ಲ ನಕ್ಕರು. ಆದರೆ ನಗುವಂಥ ಪ್ರಶ್ನೆ ಅದಲ್ಲ. ಮೂರೂ ಖರೇ ಇರಬಹುದು, ಮೂರೂ ತಪ್ಪೂ ಇರಬಹುದು. ಸರಾಸರಿ ಎಂಬುದು ಒಂದು ರಾಶಿಯ ಗುಣ. ರಾಶಿ ಬದಲಾದರೆ ಸರಾಸರಿ ಬದಲಾಗಲೇಬೇಕು. ಯಾವ ರಾಶಿಯ ಸರಾಸರಿ ಎಂದು ಹೇಳದೆ ಬರೀ ಅಂಕಿಯನ್ನು ಹೇಳಿದರೆ ಅದು ಊರಿನ ಹೆಸರಿಲ್ಲದ ಟಪಾಲಿನಂತೆ.

ಕಬ್ಬಿನ ಲೆಕ್ಕಕ್ಕೆ ಬರುವ ಮೊದಲು ಅರಿಶಿಣದಿಂದ ಸುರುಮಾಡೋಣ. ನಮ್ಮ ಸಭಾಸದರಲ್ಲಿ ಕಬ್ಬಿನ ಜೊತೆ ಒಂದೆರಡು ಎಕರೆ ಅರಿಶಿಣ ಮಾಡುವವರು ಬಹಳ. ಅರಿಶಿಣದ ಹಣ ಒಂದೇ ದಿನ, ಕಣ್ಣ ಮುಂದೆ, ಒಂದೇ ಪಟ್ಟಿಯಲ್ಲಿ ಬರುವುದರಿಂದ ಲೆಕ್ಕ ತಿಳಿಯಲು ಸುಲಭ.

ಅಡತಿ ಪಟ್ಟಿಯ ಲೆಕ್ಕ

ಸಾಂಗಲಿಯ ಅರಿಶಿಣ ಪೇಟೆಯ ಹೆಸರು ದೇಶಕ್ಕೆಲ್ಲ ಗೊತ್ತು. 2018ರಲ್ಲಿ ಸಾಂಗಲಿ ಅರಿಶಿಣಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆಯಿತು. ಕೃಷ್ಣಾ ವಾರಣಾ ಕೂಡುವ ಹರಿಪುರದಲ್ಲಿ ನೆಲದೊಳಗಿನ ಹಗೇವುಗಳಲ್ಲಿ ಅರಿಶಿಣ ತುಂಬಿಡುತ್ತಿದ್ದುದನ್ನು ಹಿರಿಯರು ಕಂಡಿದ್ದಾರೆ. 2005ರ ಮಹಾಪೂರದಲ್ಲಿ ಅವುಗಳಲ್ಲಿ ಬಹಳಷ್ಟು ಹಾಳಾದವು. ಇರಲಿ, ವಿಷಯಕ್ಕೆ ಬರೋಣ.

ತಾವು 15 ಕ್ವಿಂಟಲ್ ಅರಿಶಿಣ ತಂದಿರಿ ಎಂದು ಹಿಡಿಯಿರಿ. (ಇಲ್ಲಿಯ ದರಗಳು ಲೆಕ್ಕ ಕಲಿಯುವುದಕ್ಕಾಗಿ ಹಿಡಿದವು, ಇಂದಿನ ಪೇಟೆ ಧಾರಣೆಯಲ್ಲ.) ಲಿಲಾವಿನಲ್ಲಿ ಮೂರು ರಾಶಿಯಾಗಿ ಮಾರಾಟವಾಯಿತು. ಆರಿಸಿದ ಕೊಂಬು 2 ಕ್ವಿಂಟಲ್, ದರ 18,000 ರೂಪಾಯಿ. ಸಾದಾ ಕೊಂಬು 9 ಕ್ವಿಂಟಲ್, ದರ 13,000. ಗಡ್ಡೆ 4 ಕ್ವಿಂಟಲ್, ದರ 11,000. ಮನೆಗೆ ಬಂದಾಗ ತಮ್ಮ ತಮ್ಮ ಕೇಳುತ್ತಾನೆ: “ಅಣ್ಣಾ, ಸರಾಸರಿ ಏನು ಬಿತ್ತು?”

ಅವಸರದ ಮನುಷ್ಯ ಮೂರೂ ದರಗಳನ್ನು ಕೂಡಿಸಿ ಮೂರರಿಂದ ಭಾಗಿಸುತ್ತಾನೆ. 18,000, 13,000, 11,000 ಕೂಡಿದರೆ 42,000. ಮೂರರಿಂದ ಭಾಗಿಸಿದರೆ 14,000. “ಹದಿನಾಲ್ಕು ಸಾವಿರ ಬಿತ್ತಪಾ” ಎನ್ನುತ್ತಾನೆ. ಹಾಗಿದ್ದರೆ 15 ಕ್ವಿಂಟಲಿಗೆ 2,10,000 ರೂಪಾಯಿ ಕೈಗೆ ಬಂದಿರಬೇಕಲ್ಲ! ಕಿಸೆಯಲ್ಲಿ ಎಷ್ಟಿದೆ ನೋಡಿರಿ. ಆರಿಸಿದ ಕೊಂಬಿನಿಂದ 36,000, ಸಾದಾ ಕೊಂಬಿನಿಂದ 1,17,000, ಗಡ್ಡೆಯಿಂದ 44,000. ಒಟ್ಟು 1,97,000. ಹದಿಮೂರು ಸಾವಿರ ರೂಪಾಯಿ ಎಲ್ಲಿ ಹೋಯಿತು? ಎಲ್ಲಿಯೂ ಹೋಗಿಲ್ಲ, ಅದು ಎಂದೂ ಇರಲಿಲ್ಲ. ಎರಡು ಕ್ವಿಂಟಲಿನ ದರಕ್ಕೂ ಒಂಬತ್ತು ಕ್ವಿಂಟಲಿನ ದರಕ್ಕೂ ಒಂದೇ ಮಾನ ಕೊಟ್ಟಿದ್ದರಿಂದ ಲೆಕ್ಕದಲ್ಲಿ ಹುಟ್ಟಿದ ಹಣ ಅದು.

ಸರಿಯಾದ ರೀತಿ ಹೀಗೆ. ಎಲ್ಲ ರೂಪಾಯಿ ಒಂದು ಕಡೆ ಕೂಡಿಸಿರಿ, ಎಲ್ಲ ತೂಕ ಒಂದು ಕಡೆ ಕೂಡಿಸಿರಿ, ಕೊನೆಗೆ ಒಂದೇ ಒಂದು ಸಲ ಭಾಗಿಸಿರಿ. 1,97,000ನ್ನು 15ರಿಂದ ಭಾಗಿಸಿದರೆ 13,133 ರೂಪಾಯಿ 33 ಪೈಸೆ. ಇದಕ್ಕೆ ಕಾಲೇಜಿನ ಪುಸ್ತಕಗಳಲ್ಲಿ ದೊಡ್ಡ ದೊಡ್ಡ ಹೆಸರುಗಳುಂಟು. ನಾವು ತೂಕದ ಸರಾಸರಿ ಎನ್ನೋಣ. ತೂಕ ಹೆಚ್ಚಿದ್ದ ಮಾಲಿನ ದರಕ್ಕೆ ಹೆಚ್ಚು ಮಾತು, ಕಡಿಮೆ ಇದ್ದುದಕ್ಕೆ ಕಡಿಮೆ ಮಾತು. ಅದಕ್ಕಾಗಿಯೇ ಉತ್ತರ 13,000ದ ಮಗ್ಗಲಲ್ಲಿ ಬಂದು ನಿಂತಿತು.

ಪೇಟೆ ಧಾರಣೆ ನೋಡುವಾಗಲೂ ಈ ಎಚ್ಚರ ಬೇಕು. ಅಲ್ಲಿ ಕನಿಷ್ಠ, ಗರಿಷ್ಠ, ಮಾದರಿ ಎಂದು ಮೂರು ದರ ಕೊಡುತ್ತಾರೆ. ಕನಿಷ್ಠ ಗರಿಷ್ಠಗಳ ನಡುವಿನ ಅಂಕಿ ಸರಾಸರಿಯಲ್ಲ. ಗರಿಷ್ಠ ದರಕ್ಕೆ ಒಂದೇ ಚೀಲ ಹೋಗಿರಬಹುದು.

ಸಾಣಿಗೆ ಹಿಡಿದಾಗ

ಈಗ ತಮ್ಮ ಮತ್ತೆ ಕೇಳುತ್ತಾನೆ: “ಗಡ್ಡೆ ಬಿಡು, ಬರೀ ಕೊಂಬಿಗೆ ಏನು ಸರಾಸರಿ ಬಿತ್ತು?” ಇದು ಬೇರೆ ಪ್ರಶ್ನೆ. ರಾಶಿಯ ಮೇಲೆ ಸಾಣಿಗೆ ಹಿಡಿದು ಗಡ್ಡೆಯನ್ನು ಬೇರೆ ಮಾಡಿದಂತೆ. ಸಾಣಿಸಿದ ಮೇಲೆ ಉಳಿದ ರಾಶಿಯಲ್ಲಿ ತೂಕ 11 ಕ್ವಿಂಟಲ್, ಹಣ 36,000 ಮತ್ತು 1,17,000 ಕೂಡಿ 1,53,000. ಭಾಗಿಸಿದರೆ 13,909 ರೂಪಾಯಿ.

ಇಲ್ಲಿ ನಡೆಯುವ ತಪ್ಪು ಯಾವುದೆಂದರೆ, ಮೇಲಿನ ಹಣವನ್ನು ಸಾಣಿಸಿ ಕೆಳಗಿನ ತೂಕವನ್ನು ಸಾಣಿಸದೆ ಬಿಡುವುದು. ಕೊಂಬಿನ ಹಣ 1,53,000, ಪಟ್ಟಿಯ ಕೆಳಗೆ ಒಟ್ಟು ತೂಕ 15 ಎಂದು ಬರೆದೇ ಇದೆ, ಅದರಿಂದಲೇ ಭಾಗಿಸಿಬಿಡುತ್ತಾರೆ. ಉತ್ತರ 10,200. ಇದನ್ನು ಹಿಡಿಯಲು ಒಂದು ಸುಲಭ ಪರೀಕ್ಷೆ ಇದೆ. ಸರಾಸರಿಯು ಆ ರಾಶಿಯಲ್ಲಿಯ ಎಲ್ಲಕ್ಕಿಂತ ಕಡಿಮೆ ದರಕ್ಕಿಂತ ಕೆಳಗೆ ಇಳಿಯಲಾರದು, ಎಲ್ಲಕ್ಕಿಂತ ಹೆಚ್ಚಿನ ದರಕ್ಕಿಂತ ಮೇಲೆ ಏರಲಾರದು. ಕೊಂಬು 13,000ಕ್ಕಿಂತ ಕಡಿಮೆಗೆ ಮಾರಿಯೇ ಇಲ್ಲ, ಸರಾಸರಿ 10,200 ಬರುವುದು ಹೇಗೆ? ಎಲ್ಲಿಯೋ ಮೇಲಿನದೊಂದು ರಾಶಿ, ಕೆಳಗಿನದೊಂದು ರಾಶಿ ಆಗಿದೆ ಎಂದು ತಿಳಿಯಿರಿ.

ಇನ್ನೊಂದು ತಪ್ಪು ಸರಾಸರಿಗಳ ಸರಾಸರಿ. ಕೊಂಬಿನ ಸರಾಸರಿ 13,909, ಗಡ್ಡೆಯದು 11,000. ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ 12,454 ಬರುತ್ತದೆ. ಸರಿಯಾದ ಉತ್ತರ 13,133 ಎಂದು ಆಗಲೇ ನೋಡಿದ್ದೇವೆ. ಭಾಗಿಸಿ ಮುಗಿದ ಅಂಕಿಯಲ್ಲಿ ತೂಕದ ಗುರುತು ಉಳಿದಿರುವುದಿಲ್ಲ. ಆದ್ದರಿಂದ ಸರಾಸರಿಗಳನ್ನು ಕೂಡಿಸಲು ಹೋಗದೆ, ಮತ್ತೆ ಹಿಂದಕ್ಕೆ ಹೋಗಿ ರೂಪಾಯಿ ಮತ್ತು ತೂಕಗಳನ್ನೇ ಕೂಡಿಸಬೇಕು.

ಈಗ ನೆರೆಯವನ ಪಟ್ಟಿ ನೋಡೋಣ. ಆತನೂ ಅದೇ ದಿನ 15 ಕ್ವಿಂಟಲ್ ತಂದಿದ್ದ. ಕೊಂಬು 5 ಕ್ವಿಂಟಲ್, ಸರಾಸರಿ 14,200. ಗಡ್ಡೆ 10 ಕ್ವಿಂಟಲ್, ದರ 11,500. ಕೊಂಬಿನಲ್ಲಿ ತಮಗಿಂತ ಹೆಚ್ಚು, ಗಡ್ಡೆಯಲ್ಲಿಯೂ ತಮಗಿಂತ ಹೆಚ್ಚು. ಒಟ್ಟು ಹಣ 71,000 ಮತ್ತು 1,15,000 ಕೂಡಿ 1,86,000. ಹದಿನೈದರಿಂದ ಭಾಗಿಸಿದರೆ 12,400! ಎರಡೂ ಮಾಲಿಗೆ ಹೆಚ್ಚಿನ ದರ ಪಡೆದವನ ಒಟ್ಟು ಸರಾಸರಿ ತಮಗಿಂತ 733 ರೂಪಾಯಿ ಕಡಿಮೆ. ಲೆಕ್ಕ ಒಂದಲ್ಲ ಎರಡು ಸಲ ಮಾಡಿ ನೋಡಿರಿ, ತಪ್ಪಿಲ್ಲ. ಆತನ ರಾಶಿಯಲ್ಲಿ ಗಡ್ಡೆ ಹೆಚ್ಚು, ಅಷ್ಟೇ. ಆತನ ಅಡತಿದಾರನು ಕೆಟ್ಟವನು, ತಮ್ಮವನು ಒಳ್ಳೆಯವನು ಎಂದು ಈ ಒಟ್ಟು ಸರಾಸರಿಯಿಂದ ತೀರ್ಮಾನಿಸಿದರೆ ತಲೆಕೆಳಗಾದ ತೀರ್ಮಾನವಾಗುತ್ತದೆ. ಮಾರಾಟ ಹೇಗಾಯಿತು ಎಂದು ತಿಳಿಯಬೇಕಾದರೆ ಕೊಂಬಿಗೆ ಕೊಂಬು, ಗಡ್ಡೆಗೆ ಗಡ್ಡೆ ಹೋಲಿಸಬೇಕು. ಹಣ ಎಷ್ಟು ಬಂತು ಎಂದು ತಿಳಿಯಬೇಕಾದರೆ ಒಟ್ಟು ರಾಶಿ ನೋಡಬೇಕು. ಎರಡೂ ಬೇಕಾದವೇ, ಒಂದರ ಕೆಲಸ ಇನ್ನೊಂದು ಮಾಡಲಾರದು.

ಇಳುವರಿಯ ಸರಾಸರಿ: ಇಲ್ಲಿ ಕೋಟಿಗಳ ಮಾತು

ಇನ್ನು ಕಬ್ಬಿಗೆ ಬರೋಣ. ಕಬ್ಬಿನ ಎಫ್‌ಆರ್‌ಪಿ ಎಂದರೆ ಕೇಂದ್ರ ಸರಕಾರ ಪ್ರತಿ ಹಂಗಾಮಿಗೆ ಗೊತ್ತುಮಾಡುವ ನ್ಯಾಯೋಚಿತ ಮತ್ತು ಲಾಭದಾಯಕ ದರ. 2009-10ರ ಹಂಗಾಮಿನಿಂದ ಇದು ಹಳೆಯ ಕನಿಷ್ಠ ದರದ ಜಾಗಕ್ಕೆ ಬಂತು. ಇದು ಸಕ್ಕರೆಯ ಇಳುವರಿಗೆ, ಅಂದರೆ ಮರಾಠಿಯಲ್ಲಿ ಉತಾರಾ ಎನ್ನುವುದಕ್ಕೆ, ಕಟ್ಟಿದ ದರ. 2025-26ರ ಹಂಗಾಮಿಗೆ ಶೇಕಡಾ 10.25 ಇಳುವರಿಗೆ ಕ್ವಿಂಟಲಿಗೆ 355 ರೂಪಾಯಿ. ಅದರ ಮೇಲೆ ಪ್ರತಿ 0.1ಕ್ಕೆ 3 ರೂಪಾಯಿ 46 ಪೈಸೆ ಹೆಚ್ಚು. ಇಳುವರಿ ಇಳಿದರೆ ಅದೇ ಪ್ರಮಾಣದಲ್ಲಿ ಕಡಿತ, ಆದರೆ 9.5ಕ್ಕಿಂತ ಕೆಳಗೆ ಇಳಿದರೂ 329 ರೂಪಾಯಿ 5 ಪೈಸೆಗಿಂತ ಕಡಿಮೆ ಮಾಡುವಂತಿಲ್ಲ.

ಹಾಗಾದರೆ ಒಂದು ಹಂಗಾಮಿನ ಇಳುವರಿಯನ್ನು ತೆಗೆಯುವುದು ಹೇಗೆ? ಒಂದು ಕಾರಖಾನೆಯನ್ನು ಮನಸ್ಸಿನಲ್ಲಿ ಹಿಡಿಯಿರಿ. ನವಂಬರದಲ್ಲಿ 40,000 ಟನ್ ಅರೆಯಿತು, ಇಳುವರಿ 8.7. ಡಿಸೆಂಬರದಲ್ಲಿ 1,15,000 ಟನ್, 10.8. ಜನೇವರಿಯಲ್ಲಿ 1,35,000 ಟನ್, 11.6. ಫೆಬ್ರುವರಿಯಲ್ಲಿ 1,10,000 ಟನ್, 12.0. ಮಾರ್ಚದಲ್ಲಿ 20,000 ಟನ್ ಅರೆದು ಹಂಗಾಮು ಮುಗಿಸಿತು, ಇಳುವರಿ 11.4. ಮೊದಲಿಗೆ ಕಬ್ಬು ಪೂರ್ತಿ ಮಾಗಿರುವುದಿಲ್ಲ, ಥಂಡಿಯಲ್ಲಿ ಸಕ್ಕರೆ ತುಂಬುತ್ತದೆ, ಬಿಸಿಲು ಏರಿದ ಮೇಲೆ ಮತ್ತೆ ಇಳಿಯುತ್ತದೆ. ಇದು ತಮಗೆ ಹೊಸದಾಗಿ ಹೇಳಬೇಕಾದುದಲ್ಲ.

ಐದೂ ತಿಂಗಳ ಇಳುವರಿ ಕೂಡಿಸಿದರೆ 54.5, ಐದರಿಂದ ಭಾಗಿಸಿದರೆ 10.9. ಇದು ಅರಿಶಿಣದ ಹದಿನಾಲ್ಕು ಸಾವಿರದಂಥ ಲೆಕ್ಕ. ಈಗ ತೂಕದಿಂದ ಮಾಡಿರಿ. ಪ್ರತಿ ತಿಂಗಳ ಸಕ್ಕರೆ ತೆಗೆಯಿರಿ: 3,480 ಟನ್, 12,420 ಟನ್, 15,660 ಟನ್, 13,200 ಟನ್, 2,280 ಟನ್. ಒಟ್ಟು ಸಕ್ಕರೆ 47,040 ಟನ್. ಒಟ್ಟು ಕಬ್ಬು 4,20,000 ಟನ್. ಭಾಗಿಸಿ ನೂರರಿಂದ ಗುಣಿಸಿದರೆ ಸರಿಯಾಗಿ 11.2.

ಎರಡರ ಅಂತರ 0.3 ಮಾತ್ರ. ಕಣ್ಣಿಗೆ ಕಾಣದಷ್ಟು ಸಣ್ಣದು. ಆದರೆ ಮೂರು ಸಲ 3.46 ಎಂದರೆ ಕ್ವಿಂಟಲಿಗೆ 10 ರೂಪಾಯಿ 38 ಪೈಸೆ, ಟನ್ನಿಗೆ 103 ರೂಪಾಯಿ 80 ಪೈಸೆ. ಅರವತ್ತು ಟನ್ ಕಬ್ಬು ಕಳಿಸಿದ ಸಣ್ಣ ಸಭಾಸದನಿಗೆ 6,228 ರೂಪಾಯಿ. ಇಡೀ 4,20,000 ಟನ್ನಿಗೆ 4 ಕೋಟಿ 35 ಲಕ್ಷ 96 ಸಾವಿರ ರೂಪಾಯಿ. ನವಂಬರದ 40,000 ಟನ್ನಿಗೂ ಜನೇವರಿಯ 1,35,000 ಟನ್ನಿಗೂ ಒಂದೇ ಮಾನ ಕೊಟ್ಟ ಫಲ ಇದು. ಈ ಉದಾಹರಣೆಯಲ್ಲಿ ಸಾದಾ ಸರಾಸರಿ ರೈತನಿಗೆ ಹಾನಿ ಮಾಡಿತು. ಇಳುವರಿ ಕಡಿಮೆ ಇದ್ದ ತಿಂಗಳಲ್ಲಿಯೇ ಕಬ್ಬು ಹೆಚ್ಚು ಅರೆದಿದ್ದರೆ ಕಾರಖಾನೆಗೆ ಹಾನಿಯಾಗುತ್ತಿತ್ತು. ತಪ್ಪು ಲೆಕ್ಕಕ್ಕೆ ಪಕ್ಷವಿಲ್ಲ.

ಇನ್ನೊಂದು ಮಾತು. ಈಗ ಬಹಳ ಕಾರಖಾನೆಗಳು ಬಿ-ಹೆವಿ ಕಾಕಂಬಿಯನ್ನೋ ಕಬ್ಬಿನ ರಸವನ್ನೋ ಎಥೆನಾಲಿಗೆ ತಿರುಗಿಸುತ್ತವೆ. ಆ ದಿನಗಳಲ್ಲಿ ಚೀಲಕ್ಕೆ ಬೀಳುವ ಸಕ್ಕರೆ ಕಡಿಮೆ, ಅರೆದ ಕಬ್ಬು ಮಾತ್ರ ಅಷ್ಟೇ. ತಿರುಗಿಸಿದ ಸಕ್ಕರೆಯನ್ನು ಮೇಲಿನ ಅಂಕಿಗೆ ಕೂಡಿಸದೆ ಕೆಳಗೆ ಪೂರ್ತಿ ಕಬ್ಬನ್ನು ಇಟ್ಟು ಭಾಗಿಸಿದರೆ ಅದು ಕೊಂಬಿನ ಹಣವನ್ನು ಹದಿನೈದರಿಂದ ಭಾಗಿಸಿದಂತೆಯೇ. ವರದಿಯಲ್ಲಿ ಇಳುವರಿ ಓದುವಾಗ ಎಥೆನಾಲಿನ ಪಾಲು ಸೇರಿಸಿದ್ದೋ ಸೇರಿಸದ್ದೋ ಎಂದು ಕೇಳಲು ಸಂಕೋಚ ಬೇಡ.

ಯಾವ ಹಂಗಾಮಿನ ಇಳುವರಿ?

ರಾಶಿಯನ್ನು ಸಾಣಿಸುವುದು ಮಾಲಿನಿಂದ ಮಾತ್ರವಲ್ಲ, ಕಾಲದಿಂದಲೂ ಆಗುತ್ತದೆ. ಈ ಸಾಣಿಗೆಯ ಸಲುವಾಗಿ ಮಹಾರಾಷ್ಟ್ರದಲ್ಲಿ ಕೋರ್ಟಿನವರೆಗೂ ಜಗಳ ಹೋದದ್ದು ತಮಗೆ ನೆನಪಿರಬಹುದು. 2022ರ ಫೆಬ್ರುವರಿಯಲ್ಲಿ ರಾಜ್ಯ ಸರಕಾರ ಒಂದು ನಿರ್ಣಯ ಹೊರಡಿಸಿತು. ಅದರಂತೆ ಎಫ್‌ಆರ್‌ಪಿಯನ್ನು ಎರಡು ಕಂತುಗಳಲ್ಲಿ ಕೊಡುವುದು. ಹಿಂದಿನ ಹಂಗಾಮಿನ ಇಳುವರಿಯನ್ನು ಬಿಟ್ಟು ಚಾಲೂ ಹಂಗಾಮಿನ ಇಳುವರಿಯನ್ನು ಹಿಡಿದು, ಅದು ಗೊತ್ತಾದ ಮೇಲೆ ಕೊನೆಯ ಲೆಕ್ಕ ಮಾಡುವುದು. ರೈತ ಸಂಘಟನೆಯವರು ಇದನ್ನು ವಿರೋಧಿಸಿದರು. 2025ರ ಮಾರ್ಚದಲ್ಲಿ ಮುಂಬಯಿ ಉಚ್ಚ ನ್ಯಾಯಾಲಯ ಆ ನಿರ್ಣಯವನ್ನು ರದ್ದುಪಡಿಸಿತು.

ಕಾನೂನಿನ ವಾದವನ್ನು ವಕೀಲರಿಗೆ ಬಿಡೋಣ. ಲೆಕ್ಕದ ದೃಷ್ಟಿಯಿಂದ ಜಗಳದ ಮೂಲ ಇಷ್ಟು: ಯಾವ ರಾಶಿಯ ಇಳುವರಿ? ಹಿಂದಿನ ಹಂಗಾಮಿನದಾದರೆ ಅದು ಮುಗಿದ ರಾಶಿ. ಅಂಕಿ ಕೈಯಲ್ಲಿದೆ, ಕಬ್ಬು ಕಳಿಸಿದ 14 ದಿನಗಳಲ್ಲಿ ಹಣ ಕೊಡಬೇಕೆಂಬ ನಿಯಮಕ್ಕೆ ಅಡ್ಡಿ ಬರುವುದಿಲ್ಲ. ಚಾಲೂ ಹಂಗಾಮಿನದಾದರೆ ರಾಶಿ ಇನ್ನೂ ಕಣದಲ್ಲಿ ಬೀಳುತ್ತಲೇ ಇದೆ. ಕಾರಖಾನೆ ಬಂದಾಗುವವರೆಗೆ ಪೂರ್ತಿ ಸರಾಸರಿ ಹುಟ್ಟುವುದೇ ಇಲ್ಲ. ಎರಡು ಅಂಕಿಗಳಲ್ಲಿ ಹೆಚ್ಚು ಯಾವುದಾದೀತು ಎಂಬುದು ಆಯಾ ವರ್ಷದ ಮಳೆ, ಮಹಾಪೂರ, ಕಬ್ಬಿನ ಮೇಲೆ ಹೋಗುತ್ತದೆ. 2019ರಂತೆ ನದಿ ದಂಡೆಯ ಕಬ್ಬು ನೀರಲ್ಲಿ ನಿಂತ ವರ್ಷ ಎರಡೂ ಒಂದೇ ಆಗಿರುವುದು ಕಷ್ಟ.

ವರ್ಷ ವರ್ಷದ ದರ ಹೋಲಿಸುವಾಗಲೂ ಈ ಮಾತು ಮರೆಯಬಾರದು. 2021-22ರಲ್ಲಿ ಎಫ್‌ಆರ್‌ಪಿ 290 ರೂಪಾಯಿ, 2022-23ರಲ್ಲಿ 305. ಹದಿನೈದು ರೂಪಾಯಿ ಏರಿತು ಎಂದು ಎಲ್ಲರೂ ಹೇಳಿದರು. ಆದರೆ ಮೊದಲನೆಯದು ಶೇಕಡಾ 10 ಇಳುವರಿಗೆ, ಎರಡನೆಯದು 10.25ಕ್ಕೆ. ಹಿಂದಿನ ವರ್ಷದ ದರವನ್ನೇ 10.25ಕ್ಕೆ ತೆಗೆದರೆ, ಪ್ರತಿ 0.1ಕ್ಕೆ 2.90ರಂತೆ ಎರಡೂವರೆ ಪಟ್ಟು ಕೂಡಿಸಿ, 297 ರೂಪಾಯಿ 25 ಪೈಸೆ ಆಗುತ್ತದೆ. ಅಂದರೆ ಒಂದೇ ಇಳುವರಿಯ ಕಬ್ಬಿಗೆ ಏರಿದ್ದು 7 ರೂಪಾಯಿ 75 ಪೈಸೆ. ಹದಿನೈದರಲ್ಲಿ ಅರ್ಧದಷ್ಟು ಏರಿಕೆ ಕಬ್ಬಿಗೆ ಬಂದಿದ್ದಲ್ಲ, ಅಳತೆಗೋಲು ಸರಿದಿದ್ದರಿಂದ ಕಂಡದ್ದು.

ಕಟಾವು-ಸಾಗಾಣಿಕೆಯ ಕಡಿತ

ಈಗ ನಮ್ಮ ಸಭಾಸದರು ಎಲ್ಲಕ್ಕಿಂತ ಹೆಚ್ಚು ತಂಟೆ ತೆಗೆಯುವ ವಿಷಯ. ಎಫ್‌ಆರ್‌ಪಿ ಎಂಬುದು ಕಾರಖಾನೆಯ ಬಾಗಿಲಿಗೆ ತಂದು ಹಾಕಿದ ಕಬ್ಬಿನ ದರ. ನಮ್ಮ ಕಡೆ ಕಟಾವಿನ ಟೋಳಿಯನ್ನೂ ವಾಹನವನ್ನೂ ಕಾರಖಾನೆಯೇ ಒದಗಿಸುವುದರಿಂದ ಆ ವೆಚ್ಚವನ್ನು ಬಿಲ್ಲಿನಲ್ಲಿ ಕಡಿತ ಮಾಡುತ್ತಾರೆ. ಎಷ್ಟು ಕಡಿತ? ಸರಾಸರಿ ವೆಚ್ಚದಷ್ಟು. ಮತ್ತೆ ಅದೇ ಪ್ರಶ್ನೆ: ಯಾವ ರಾಶಿಯ ಸರಾಸರಿ?

ಉದಾಹರಣೆಗೆ ಹಿಡಿದ ಅದೇ ಕಾರಖಾನೆಯ ಲೆಕ್ಕ ಹೀಗಿರಲಿ. 25 ಕಿಲೋಮೀಟರದೊಳಗಿನ ಕಬ್ಬು 2,50,000 ಟನ್, ಟನ್ನಿಗೆ ವೆಚ್ಚ 700 ರೂಪಾಯಿ. 25ರಿಂದ 50 ಕಿಲೋಮೀಟರದೊಳಗೆ 1,10,000 ಟನ್, ವೆಚ್ಚ 850. ಐವತ್ತರ ಹೊರಗಿನಿಂದ ತಂದದ್ದು 60,000 ಟನ್, ವೆಚ್ಚ 1,125. ರೂಪಾಯಿಗಳಲ್ಲಿ 17 ಕೋಟಿ 50 ಲಕ್ಷ, 9 ಕೋಟಿ 35 ಲಕ್ಷ, 6 ಕೋಟಿ 75 ಲಕ್ಷ. ಒಟ್ಟು 33 ಕೋಟಿ 60 ಲಕ್ಷ. 4,20,000 ಟನ್ನಿನಿಂದ ಭಾಗಿಸಿದರೆ ಟನ್ನಿಗೆ 800 ರೂಪಾಯಿ.

ಮೂರು ದರ ಕೂಡಿಸಿ ಮೂರರಿಂದ ಭಾಗಿಸಿದರೆ 891 ರೂಪಾಯಿ 67 ಪೈಸೆ ಬರುತ್ತಿತ್ತು. ಯಾರಾದರೂ ಆ ಅಂಕಿಯನ್ನು ತೋರಿಸಿದರೆ ಒಪ್ಪಬೇಡಿರಿ. ಅದು ಲೆಕ್ಕದ ತಪ್ಪು, ಮುಂದೆ ಮಾತೇ ಬೇಡ.

ಆದರೆ 800 ಎಂಬುದು ಸರಿಯಾದ ಲೆಕ್ಕವಾದರೂ ಅಲ್ಲಿಗೇ ಮಾತು ಮುಗಿಯುವುದಿಲ್ಲ. ಹತ್ತಿರದ ಸಭಾಸದ ಹೇಳುತ್ತಾನೆ: “ನನ್ನ ಹೊಲ ಕಾರಖಾನೆಯಿಂದ ಎಂಟು ಕಿಲೋಮೀಟರ. ನನ್ನ ಕಬ್ಬಿಗೆ 700 ಖರ್ಚಾಗಿ 800 ಕಡಿತ ಯಾಕೆ?” ಮ್ಹೈಸಾಳದಿಂದ ಎತ್ತಿದ ಕೃಷ್ಣೆಯ ನೀರು ಜತ್ತ ತಾಲೂಕಿನ ಕಡೆ ಹೋದ ಮೇಲೆ ದೂರದಲ್ಲಿಯೂ ಕಬ್ಬು ಬಂದಿದೆ. ಆ ಕಡೆಯ ಸಭಾಸದ ಹೇಳುತ್ತಾನೆ: “ಸಹಕಾರಿ ಸಂಸ್ಥೆ ಎಂದ ಮೇಲೆ ಎಲ್ಲರ ಭಾರ ಎಲ್ಲರಿಗೂ ಸಮ. ದೂರ ಇರುವುದು ನನ್ನ ತಪ್ಪೇ?” ಇಬ್ಬರ ಮಾತಿನಲ್ಲಿಯೂ ಹುರುಳಿದೆ. ಗಣಿತ ಇಲ್ಲಿ ತೀರ್ಪು ಕೊಡಲಾರದು. ಎಲ್ಲರಿಗೂ ಒಂದೇ ರಾಶಿಯೋ, ದೂರದ ಪ್ರಕಾರ ಬೇರೆ ಬೇರೆ ರಾಶಿಯೋ ಎಂಬುದು ವಾರ್ಷಿಕ ಸಾಧಾರಣ ಸಭೆಯಲ್ಲಿ ಸಭಾಸದರು ಮಾತಾಡಿ ನಿರ್ಧರಿಸತಕ್ಕ ವಿಷಯ.

ನನ್ನ ಅಭಿಪ್ರಾಯ ಕೇಳಿದರೆ, ಸಭಾಸದರ ಕಬ್ಬು ದೂರದ್ದಿದ್ದರೂ ಒಂದೇ ರಾಶಿಯಲ್ಲಿ ಇರುವುದು ಸಹಕಾರಕ್ಕೆ ಶೋಭೆ. ಆದರೆ ಅರೆಯುವ ದಿನ ಹೆಚ್ಚಿಸುವುದಕ್ಕಾಗಿ ಕಾರ್ಯಕ್ಷೇತ್ರದ ಹೊರಗಿನಿಂದ ತಂದ ಕಬ್ಬಿನ ಸಾಗಾಣಿಕೆಯನ್ನು ಇದೇ ರಾಶಿಗೆ ಬೆರೆಸುವುದು ಬೇರೆ ಮಾತು. ಮೇಲಿನ 60,000 ಟನ್ ಪೂರ್ತಿ ಅಂಥ ಕಬ್ಬು ಎಂದು ಹಿಡಿಯೋಣ. ಅದನ್ನು ಸಾಣಿಸಿ ತೆಗೆದರೆ 26 ಕೋಟಿ 85 ಲಕ್ಷ ರೂಪಾಯಿ, 3,60,000 ಟನ್. ಸರಾಸರಿ 745 ರೂಪಾಯಿ 83 ಪೈಸೆ. ಮೇಲೆಯೂ ತೆಗೆದಿರಿ, ಕೆಳಗೆಯೂ ತೆಗೆದಿರಿ ಎಂಬುದನ್ನು ಗಮನಿಸಿರಿ. ಅಂತರ ಟನ್ನಿಗೆ 54 ರೂಪಾಯಿ 17 ಪೈಸೆ, ಅರವತ್ತು ಟನ್ನಿನ ಸಭಾಸದನಿಗೆ 3,250 ರೂಪಾಯಿ. ಹೊರಗಿನ ಕಬ್ಬು ಬಂದರೆ ಯಂತ್ರ ಖಾಲಿ ನಿಲ್ಲುವುದಿಲ್ಲ, ಪಗಾರ ಬಡ್ಡಿಗಳ ಭಾರ ಟನ್ನಿಗೆ ಕಡಿಮೆ ಬೀಳುತ್ತದೆ, ಇದರ ಲಾಭ ಎಲ್ಲರಿಗೂ ಇದೆ ಎಂಬ ಉತ್ತರವೂ ಇದೆ, ಅದು ಸುಳ್ಳಲ್ಲ. ಹಾಗಿದ್ದರೆ ಆ ಲಾಭವನ್ನು ಒಂದು ಸಾಲಿನಲ್ಲಿ, ಈ ವೆಚ್ಚವನ್ನು ಇನ್ನೊಂದು ಸಾಲಿನಲ್ಲಿ ಬರೆದು ಸಭೆಯ ಮುಂದಿಡಬೇಕು. ಒಂದೇ ಸರಾಸರಿಯೊಳಗೆ ಎರಡನ್ನೂ ಮುಚ್ಚಿಟ್ಟರೆ ಯಾರಿಗೂ ತಿಳಿಯುವುದಿಲ್ಲ.

ಮಕ್ಕಳ ಸಹಾಯದಿಂದ ಕಂಪ್ಯೂಟರಿನಲ್ಲಿ

ಈಗ ತೂಕದ ಚೀಟಿಯ ಅಂಕಿಗಳು ಮೊಬೈಲಿಗೇ ಬರುತ್ತವೆ. ಮನೆಯಲ್ಲಿ ಕಲಿತ ಮಗನೋ ಮಗಳೋ ಇದ್ದರೆ ಅವನ್ನೆಲ್ಲ ಎಕ್ಸೆಲ್ ಹಾಳೆಯಲ್ಲಿ ತುಂಬಿಸಿರಿ. ದಿನಾಂಕ, ಹೊಲ, ತಳಿ, ಟನ್ನು, ದರ ಎಂದು ಐದು ಮನೆ ಹಾಕಿದ ಮೇಲೆ ಆರನೆಯದಾಗಿ ರೂಪಾಯಿ ಎಂಬ ಮನೆ ಹಾಕಿ, ಅದರಲ್ಲಿ ಟನ್ನು ಗುಣಿಸು ದರ ಬರುವಂತೆ ಮಾಡಿರಿ. ದರದ ಮನೆಯನ್ನು ಎಂದೂ ಕೂಡಿಸಬಾರದು, ಅದಕ್ಕೆ ಸರಾಸರಿಯ ಗುಂಡಿಯನ್ನೂ ಒತ್ತಬಾರದು. ಆ ಗುಂಡಿ ಕೊಡುವುದು ಸಾದಾ ಸರಾಸರಿ. ಮೂರು ಟನ್ನಿನ ಎತ್ತಿನ ಗಾಡಿಯನ್ನೂ ಹದಿನೆಂಟು ಟನ್ನಿನ ಟ್ರಕ್ಕನ್ನೂ ಅದು ಸಮ ಎಂದು ತಿಳಿಯುತ್ತದೆ.

ಹಾಳೆಯಲ್ಲಿ ಸಾಣಿಗೆಗೆ ಫಿಲ್ಟರ್ ಎನ್ನುತ್ತಾರೆ. ತಳಿಯ ಮನೆಯಲ್ಲಿ ಕೊ 86032 ಎಂದು ಫಿಲ್ಟರ್ ಹಾಕಿದರೆ ಆ ತಳಿಯ ಸಾಲುಗಳು ಮಾತ್ರ ಕಾಣುತ್ತವೆ. ಆದರೆ ಕಣ್ಣಿಗೆ ಕಾಣದ ಸಾಲುಗಳು ಲೆಕ್ಕದಿಂದ ಹೋದವು ಎಂದು ನಂಬಬೇಡಿರಿ. ಸಮ್ ಎಂಬ ಸೂತ್ರವೂ ಸಮ್‌ಪ್ರಾಡಕ್ಟ್ ಎಂಬ ಸೂತ್ರವೂ ಫಿಲ್ಟರನ್ನು ಲೆಕ್ಕಿಸುವುದಿಲ್ಲ. ಮುಚ್ಚಿಹೋದ ಸಾಲುಗಳನ್ನೂ ಕೂಡಿಸಿಯೇ ಹೇಳುತ್ತವೆ. ಸಬ್‌ಟೋಟಲ್ ಎಂಬ ಸೂತ್ರಕ್ಕೆ 9 ಎಂಬ ಅಂಕಿ ಕೊಟ್ಟು ಬರೆದರೆ ಮಾತ್ರ ಫಿಲ್ಟರಿನಲ್ಲಿ ಉಳಿದ ಸಾಲುಗಳ ಮೊತ್ತ ಸಿಗುತ್ತದೆ. ಆದ್ದರಿಂದ ರೂಪಾಯಿಗೊಂದು ಸಬ್‌ಟೋಟಲ್, ಟನ್ನಿಗೊಂದು ಸಬ್‌ಟೋಟಲ್ ಬರೆದು, ಮೂರನೆಯ ಜಾಗದಲ್ಲಿ ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿರಿ. ಆಮೇಲೆ ತಳಿಯ ಮೇಲೆ, ಹೊಲದ ಮೇಲೆ, ತಿಂಗಳಿನ ಮೇಲೆ ಯಾವ ಫಿಲ್ಟರ್ ಹಾಕಿದರೂ ಮೇಲಿನದು ಕೆಳಗಿನದು ಜೊತೆಯಾಗಿಯೇ ಸಾಣಿಸಿಕೊಳ್ಳುತ್ತವೆ. ಒಂದರಲ್ಲಿ ಸಬ್‌ಟೋಟಲ್, ಇನ್ನೊಂದರಲ್ಲಿ ಸಮ್ ಬಂದರೆ 10,200ರ ಕಥೆ ಮತ್ತೆ ಸುರು.

ದರ ಬರದ ಸಾಲುಗಳ ಬಗ್ಗೆ ಒಂದು ಎಚ್ಚರಿಕೆ. ಹಂಗಾಮು ನಡೆದಿರುವಾಗ ಕೆಲವು ಚೀಟಿಗಳಿಗೆ ತೂಕ ಬಂದಿರುತ್ತದೆ, ದರ ತುಂಬಿರುವುದಿಲ್ಲ. ತಮ್ಮ 18 ಟನ್ನಿಗೆ 3,300ರಂತೆ 59,400 ರೂಪಾಯಿ ತುಂಬಿದ್ದೀರಿ, ಮುಂದಿನ 12 ಟನ್ನಿನ ದರದ ಮನೆ ಖಾಲಿ ಇದೆ ಎನ್ನೋಣ. ಹಾಳೆ 59,400ನ್ನು 30ರಿಂದ ಭಾಗಿಸಿ 1,980 ಎಂದು ತೋರಿಸುತ್ತದೆ. ಗಾಬರಿಯಾಗಿ ಗಟದ ಆಫೀಸಿಗೆ ಓಡುವ ಮೊದಲು ದರದ ಮನೆಯಲ್ಲಿ ಖಾಲಿ ಇರುವ ಸಾಲುಗಳನ್ನು ಫಿಲ್ಟರಿನಿಂದ ತೆಗೆಯಿರಿ. ಉತ್ತರ ಮತ್ತೆ 3,300ಕ್ಕೆ ಬಂದು ನಿಲ್ಲುತ್ತದೆ. ಆ 12 ಟನ್ನಿನ ಚೀಟಿಗಳನ್ನು ಬೇರೆ ಕಟ್ಟಿ ಇಟ್ಟುಕೊಂಡು, ಕಬ್ಬು ಹೋದ ದಿನದಿಂದ ಹದಿನಾಲ್ಕು ದಿನ ಎಣಿಸಿರಿ. ಅಷ್ಟರಲ್ಲಿ ದರ ತುಂಬಿ ಬಾರದಿದ್ದರೆ ಚೀಟಿಗಳ ಕಟ್ಟನ್ನು ತೆಗೆದುಕೊಂಡು ಆಫೀಸಿಗೆ ಬನ್ನಿರಿ.